ಬೆಳ್ಳಿಯ ಮೇಲಿನ ಬಣ್ಣ: ತಾನಾಗಿ ಬಂದದ್ದೋ, ಬರಿಸಿದ್ದೋ?

ಹಾಸನ ಜಿಲ್ಲೆಯ ದುದ್ದದಲ್ಲಿರುವ ನಿವೃತ್ತ ಉಪಾಧ್ಯಾಯ ಮಿತ್ರರೊಬ್ಬರು ಎರಡು ಬೆಳ್ಳಿ ರೂಪಾಯಿಗಳನ್ನು ನನ್ನ ಮೇಜಿನ ಮೇಲಿಟ್ಟರು. ಎರಡರಲ್ಲೂ ವಿಕ್ಟೋರಿಯಾ ರಾಣಿಯ ಮುಖ, ಎರಡರಲ್ಲೂ 1862ರ ಇಸವಿ. ಒಂದು ಅವರ ಅಜ್ಜಿಯ ಗಂಟಿನದು. ಇನ್ನೊಂದನ್ನು ನೀಲಿ, ನೇರಳೆ ಮೆರುಗಿಗೆ ಮನಸೋತು ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರು. “ನೂರೈವತ್ತು ವರ್ಷದ ಸಹಜ ಬಣ್ಣ ಅಂದ ಸಾರ್. ನಿಜವಾ?”

ಮೊದಲಿಗೆ ಇಸವಿಯನ್ನೇ ನಂಬುವಂತಿಲ್ಲ. 1862 ಎಂದು ಅಚ್ಚಾದ ರೂಪಾಯಿಗಳನ್ನು 1874ರವರೆಗೂ ಅದೇ ಇಸವಿಯಲ್ಲಿ ಟಂಕಿಸಲಾಯಿತು. ತೂಕ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಬೆಳ್ಳಿ. ಹಾಗಾದರೆ ಬಣ್ಣವಾದರೂ ವಯಸ್ಸು ಹೇಳೀತೇ?

ಬೆಳ್ಳಿ ಮಾಸುವುದು ಕಬ್ಬಿಣ ತುಕ್ಕು ಹಿಡಿದಂತಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳು ತೇವದ ನೆರವಿನಿಂದ ಬೆಳ್ಳಿಯೊಡನೆ ವರ್ತಿಸಿ ಸಿಲ್ವರ್ ಸಲ್ಫೈಡಿನ ಪೊರೆ ಕಟ್ಟುತ್ತವೆ. ಪೊರೆಯ ಮೇಲ್ಮೈಯಿಂದಲೂ ಅಡಿಯ ಬೆಳ್ಳಿಯಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಸೇರಿದಾಗ ವ್ಯತಿಕರಣ ಉಂಟಾಗುತ್ತದೆ. ಪೊರೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪವಿರುವಾಗ ನೀಲಿ ಕುಗ್ಗಿ ಹಳದಿ ಕಾಣುತ್ತದೆ. ಇನ್ನಷ್ಟು ಬೆಳೆದಾಗ ಹಸಿರು ಕುಗ್ಗಿ ಕೆನ್ನೇರಳೆ. ಆಮೇಲೆ ಕೆಂಪು ಕುಗ್ಗಿ ನೀಲಿ. ಬಹಳ ದಪ್ಪವಾದರೆ ಕಪ್ಪು.

ತೆಳುಪೊರೆಗಳ ಈ ವರ್ಣಕ್ರಮವನ್ನು ನ್ಯೂಟನ್ 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ಅಳೆದು ದಾಖಲಿಸಿದ್ದ. ಥಾಮಸ್ ಯಂಗ್ 1801ರಲ್ಲಿ ಅದನ್ನು ಅಲೆಗಳಿಂದ ವಿವರಿಸಿ, ನ್ಯೂಟನ್ನನ ಅಳತೆಗಳಿಂದಲೇ ಬೆಳಕಿನ ತರಂಗದೂರಗಳನ್ನು ಲೆಕ್ಕ ಹಾಕಿದ. (ಕಣವಾದಿಯ ಅಂಕಿಗಳೇ ತರಂಗವಾದಕ್ಕೆ ಒದಗಿದ್ದು ನೋಡಿ!) 1839ರಲ್ಲಿ ದಾಗೇರ್ ಪ್ರಕಟಿಸಿದ ಛಾಯಾಚಿತ್ರ ವಿಧಾನದಲ್ಲಂತೂ ಬೆಳ್ಳಿಯ ತಗಡಿಗೆ ಅಯೋಡಿನ್ ಆವಿ ಹಿಡಿದು, ಹೊಂಬಣ್ಣ ಬಂದೊಡನೆ ತೆಗೆಯಬೇಕಿತ್ತು. ಅಲ್ಲಿ ಬಣ್ಣವೇ ಪೊರೆಯ ದಪ್ಪದ ಅಳತೆಗೋಲು.

ನಾಣ್ಯಕ್ಕೂ ಇದೇ ಅಳತೆಗೋಲು. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಕ್ಕೆ ಗಾಳಿ ಅಂಚಿನಿಂದ ನುಸುಳುತ್ತದೆ. ಆದ್ದರಿಂದ ಅಂಚಿನಲ್ಲಿ ನೀಲಿ, ಒಳಕ್ಕೆ ನೇರಳೆ, ಹಳದಿ, ನಡುವೆ ಬಿಳಿ ಬೆಳ್ಳಿ. ಕೈ ಸವರಿದ ಕೆನ್ನೆಯಂಥ ಉಬ್ಬು ಭಾಗಗಳು ಪೇಲವ. ಅಕ್ಷರಗಳ ಸಂದುಗಳಲ್ಲಿ ಬಣ್ಣ ದಟ್ಟ. ಮಿತ್ರರು ಕೊಂಡ ನಾಣ್ಯದಲ್ಲಿ ನೀಲಿಯ ಮಗ್ಗುಲಲ್ಲೇ ಬಿಳಿ ಬೆಳ್ಳಿ! ನಡುವೆ ಹಳದಿಯ ಗೆರೆಯೂ ಇಲ್ಲ. ಉಬ್ಬು, ತಗ್ಗು ಎನ್ನದೆ ಬಣ್ಣ ಒಂದೇ ಸಮನೆ ಹರಿದಿತ್ತು. ಗಂಧಕದ ದ್ರಾವಣವನ್ನು ಸವರಿದಲ್ಲಿ ಪೊರೆ ಹೀಗೆ ಥಟ್ಟನೆ ದಪ್ಪವಾಗುತ್ತದೆ.

ಆದರೆ ಕ್ರಮ ಸರಿಯಿದ್ದ ಮಾತ್ರಕ್ಕೆ ನಾಣ್ಯ ನಿರ್ದೋಷಿಯಲ್ಲ. ಬೇಯಿಸಿದ ಮೊಟ್ಟೆಯ ಹೋಳುಗಳೊಡನೆ ಬೆಳ್ಳಿಯ ತುಣುಕೊಂದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಹಳದಿಯಿಂದ ಮೊದಲಾಗಿ ಅದೇ ಕ್ರಮ ಬೇಗನೆ ಮೂಡುತ್ತದೆ. ತರಗತಿಗೆ ಒಳ್ಳೆಯ ಪ್ರಯೋಗವಿದು, ಹಳೆಯ ನಾಣ್ಯದ ಮೇಲೆ ಮಾತ್ರ ಬೇಡ. ಭೌತನಿಯಮಕ್ಕೆ ಅವಸರದ ಬಣ್ಣವೂ ಒಂದೇ, ನಿಧಾನದ್ದೂ ಒಂದೇ. ಆಗ ಉಳಿಯುವುದು ಭೂತಗನ್ನಡಿ.

ಅದರಡಿ ಅಜ್ಜಿಯ ರೂಪಾಯಿ ಬೇರೆಯೇ ಕಥೆ ಹೇಳಿತು. ಬಣ್ಣದ ಕ್ರಮ ಸರಿಯಾಗಿತ್ತು, ಸಂದುಗಳಲ್ಲಿ ದಟ್ಟವೂ ಆಗಿತ್ತು. ಆದರೆ ಪೊರೆಯ ಅಡಿಯಲ್ಲಿ ಕೂದಲೆಳೆಯಂಥ ಗೀರುಗಳು. ಗೀರಿನೊಳಗೂ ಬಣ್ಣ ಇಳಿದಿತ್ತು. ಲಕ್ಷ್ಮೀಪೂಜೆಗೆ ಇಡುವ ನಾಣ್ಯವನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ಉಜ್ಜುವುದು ನಮ್ಮ ಮನೆಗಳ ರೂಢಿಯಲ್ಲವೇ? ಹಾಗಾಗಿ ಈ ಬಣ್ಣ ಸಹಜವೇ ಹೌದು, ಆದರೆ ಕೊನೆಯ ಸಲ ಉಜ್ಜಿದ ಮೇಲೆ ಬಂದದ್ದು. ಅದಕ್ಕೆ ಹತ್ತು ವರ್ಷವೋ ಐವತ್ತೋ ಎಂಬುದನ್ನು ಪೊರೆಯ ದಪ್ಪ ಹೇಳದು. ಅಡುಗೆಮನೆಯ ಗೂಡಿಗೂ ಒಣಗಿದ ಪೆಟ್ಟಿಗೆಗೂ ಪೊರೆ ಬೆಳೆಯುವ ವೇಗ ಬೇರೆ.

ಕೊಂಡ ನಾಣ್ಯವನ್ನು ಮಿತ್ರರು ಜೇಬಿಗೆ ಹಾಕಿಕೊಂಡರು. ಅಜ್ಜಿಯದನ್ನು ಹತ್ತಿಬಟ್ಟೆಯಲ್ಲಿ ಸುತ್ತುತ್ತಾ, “ಇನ್ನು ಹಬ್ಬಕ್ಕೆ ಇದನ್ನು ಉಜ್ಜಬಾರದು ಅಂತ ಮನೆಯವಳಿಗೆ ಹೇಗೆ ಹೇಳಲಿ ಸಾರ್?” ಎಂದರು.