ಬಳಪ ತಿನ್ನುವ ಮಕ್ಕಳು: ಒಂದು ಹಳೆಯ ಕಾಯಿಲೆಯ ಚರಿತ್ರೆ

ಶಾಲೆಯಲ್ಲಿ ಪಾಠ ಮಾಡಿದ ಯಾವ ಮೇಷ್ಟ್ರಿಗೂ ಈ ದೃಶ್ಯ ಹೊಸದಲ್ಲ. ಹಿಂದಿನ ಸಾಲಿನ ಹುಡುಗಿಯ ತುಟಿಯ ಮೇಲೆ ಬಿಳಿ ಪುಡಿ. ಬೆಳಗ್ಗೆ ಉದ್ದವಿದ್ದ ಬಳಪ ಮಧ್ಯಾಹ್ನಕ್ಕೆ ಚೂರಾಗಿರುತ್ತದೆ. "ಏನೇ, ಬಳಪ ತಿಂತೀಯಾ? ನಾಚಿಕೆ ಆಗಲ್ವಾ?" ಎಂದು ನಾವು ಗದರುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಗದರಿದವನು. ಆಮೇಲೆ ಓದಿ ತಿಳಿದೆ, ಇದು ಕೆಟ್ಟ ಚಾಳಿಯಲ್ಲ. ಇದಕ್ಕೆ ವೈದ್ಯರು ಇಟ್ಟ ಹೆಸರಿದೆ, ದೊಡ್ಡ ಚರಿತ್ರೆಯೂ ಇದೆ.

ಚರಕಸಂಹಿತೆಯಲ್ಲಿ ಪಾಂಡುರೋಗಕ್ಕೆ ಐದು ವಿಧ ಹೇಳಿದ್ದಾರೆ. ಐದನೆಯದು ಮಣ್ಣು ತಿನ್ನುವುದರಿಂದ ಬರುವ ಪಾಂಡು. ಪಾಂಡು ಎಂದರೆ ಮೈ ಬಿಳಿಚಿಕೊಳ್ಳುವುದು, ಈಗಿನ ಮಾತಿನಲ್ಲಿ ಹೆಚ್ಚುಕಡಿಮೆ ರಕ್ತಹೀನತೆ. ಮಣ್ಣಿಗೂ ರಕ್ತಕ್ಕೂ ಇರುವ ನಂಟು ಅಂದೇ ಕಣ್ಣಿಗೆ ಬಿದ್ದಿತ್ತು. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿ ರಾಣಿ ಸುದಕ್ಷಿಣೆಯ ಬಾಯಿ ಮಣ್ಣಿನ ವಾಸನೆ ಬೀರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನೇ ಬಸುರಿ ಬಯಕೆ ಎನ್ನುತ್ತಾರೆ. ಪಾಶ್ಚಾತ್ಯ ವೈದ್ಯರು ಕೊಟ್ಟ ಹೆಸರು ಪೈಕಾ. ಅದು ಕಾಗೆಯ ಬಳಗದ ಒಂದು ಹಕ್ಕಿಯ ಲ್ಯಾಟಿನ್ ಹೆಸರು. ಸಿಕ್ಕಿದ್ದನ್ನೆಲ್ಲ ಕುಕ್ಕುವ ಹಕ್ಕಿಯಂತೆ!

ಇನ್ನೊಂದು ಕಡೆಯ ಕಥೆ ನೋಡಿ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಲಸೆಗ್ ಎಂಬ ವೈದ್ಯರು ಊಟ ಬಿಟ್ಟು ಸೊರಗುವ ಹೆಣ್ಣುಮಕ್ಕಳ ಬಗ್ಗೆ ಬೇರೆಬೇರೆಯಾಗಿ ಬರೆದರು. ಗಲ್ ಅದನ್ನು ಅನೊರೆಕ್ಸಿಯಾ ನರ್ವೋಸಾ ಎಂದು ಕರೆದರು. ದಪ್ಪಗಾಗುವ ಭಯವೇ ಇದರ ಮುಖ್ಯ ಗುರುತು ಎಂದು ಮುಂದೆ ವೈದ್ಯ ಪುಸ್ತಕಗಳಲ್ಲಿ ನಿಂತುಬಿಟ್ಟಿತು. ಆದರೆ 1993ರಲ್ಲಿ ಹಾಂಗ್‌ಕಾಂಗ್‌ನ ಸಿಂಗ್ ಲೀ ಮತ್ತು ಸಂಗಡಿಗರು 70 ರೋಗಿಗಳ ವಿವರ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದಷ್ಟೇ ಹೇಳುತ್ತಿದ್ದರು. 1995ರಲ್ಲಿ ದೆಹಲಿಯ ವೈದ್ಯರು ವರದಿ ಮಾಡಿದ ಐದು ಯುವತಿಯರಲ್ಲೂ ಪುಸ್ತಕದ ಲಕ್ಷಣಗಳೆಲ್ಲ ಕಾಣಲಿಲ್ಲ. ಒಂದೇ ಕಾಯಿಲೆ ಒಂದೊಂದು ಊರಲ್ಲಿ ಒಂದೊಂದು ಮಾತಾಡುತ್ತದೆ.

ಕಾಲವೂ ಅದನ್ನು ಬದಲಿಸುತ್ತದೆ. ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಹುಡುಗಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಆನ್ ಬೆಕರ್ ತಂಡ ಮತ್ತೆ ಕೇಳಿದಾಗ 100ಕ್ಕೆ 11 ಹುಡುಗಿಯರು ಹೌದೆಂದರು.

2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿ ತಿದ್ದಿದಾಗ ಪೈಕಾ ಮತ್ತು ಅನೊರೆಕ್ಸಿಯಾ ಎರಡನ್ನೂ ಒಂದೇ ಅಧ್ಯಾಯದಲ್ಲಿ ಸೇರಿಸಿದರು. ಲಂಡನ್ನಿನ ಆ ಹುಡುಗಿಯೂ ಬಳಪ ತಿನ್ನುವ ನಮ್ಮ ಹುಡುಗಿಯೂ ಅಕ್ಕಪಕ್ಕ ಕುಳಿತಂತಾಯಿತು.

ಈಗ ನಮ್ಮ ಸೀಮೆಗೆ ಬರೋಣ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಎಲ್ಲವೂ ಮಳೆ ಕಡಿಮೆಯ ನಾಡು. 2019ರಲ್ಲಿ ಕದಿರಿ ಬಳಿ ಇಬ್ಬರು ಪುಟ್ಟ ಮಕ್ಕಳು ಹಸಿವಿನಿಂದ ಮಣ್ಣು ತಿಂದು ತೀರಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ಅವರು ಕರ್ನಾಟಕದಿಂದ ಕೂಲಿಗೆ ಬಂದ ಮನೆಯವರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 59 ಮಂದಿಗೆ ರಕ್ತಹೀನತೆ. ಬಳಪ ತಿನ್ನುವ ಹುಡುಗಿ ಎಲ್ಲಿಂದ ಬರುತ್ತಾಳೆ ಎಂದು ಬೇರೆ ಹೇಳಬೇಕೆ?

ಕಬ್ಬಿಣಾಂಶ ತುಂಬಿಕೊಂಡರೆ ಎಷ್ಟೋ ಮಕ್ಕಳಲ್ಲಿ ಈ ಬಯಕೆ ತಾನಾಗಿ ಇಳಿಯುತ್ತದೆ. ವಾರಕ್ಕೊಂದು ನೀಲಿ ಮಾತ್ರೆ ಶಾಲೆಗೇ ಬರುತ್ತದೆ, ಜಂತುಹುಳುವಿನ ಮಾತ್ರೆಯೂ ಬರುತ್ತದೆ. ಆದರೆ ನಮ್ಮ ಶಾಲೆಗೆ ಬಂದ ಕರಪತ್ರ ತೆಲುಗಿನಲ್ಲಿತ್ತು. ಮಕ್ಕಳು ಮಾತ್ರೆಯನ್ನು ಕಿಟಕಿಯಾಚೆ ಉಗುಳುತ್ತಿದ್ದರು. ಕನ್ನಡದಲ್ಲಿ ಕೂತು ವಿವರಿಸಿದ ಮೇಲೆ ಉಗುಳುವುದು ಕಡಿಮೆಯಾಯಿತು.

ಈಗ ಇನ್ನೊಂದು ಬಗೆಯೂ ಕಾಣುತ್ತಿದೆ. "ದಪ್ಪ ಆಗ್ತೀನಿ ಸಾರ್" ಎಂದು ತಟ್ಟೆ ಪಕ್ಕಕ್ಕಿಡುವ ಒಂಬತ್ತನೇ ಕ್ಲಾಸಿನ ಹುಡುಗಿ. ಫಿಜಿಗೆ ಟಿವಿ ಬಂದಂತೆ ನಮ್ಮ ಮನೆಗಳಿಗೆ ಫೋನು ಬಂದಿದೆ. ಇಬ್ಬರನ್ನೂ ಗದರಬೇಡಿ, ನಗಬೇಡಿ. ಪಕ್ಕಕ್ಕೆ ಕರೆದು ಕೇಳಿ, ತಾಯಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಮನಸ್ಸಿನ ತೊಂದರೆ ಎನಿಸಿದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ನಾಳೆ ಬಳಪದ ಡಬ್ಬಿ ತೆಗೆದಾಗ ಎಣಿಸಿ ನೋಡಿ. ಕಡಿಮೆಯಾಗಿದ್ದರೆ ಕಳ್ಳರನ್ನು ಹುಡುಕಬೇಡಿ, ಬಿಳಿಚಿದ ಮುಖವನ್ನು ಹುಡುಕಿ.