ಬೆಸುಗೆ ಬಿಡಿಸುವ ವಿದ್ಯೆ: ಒಂದು ಚಾರಿತ್ರಿಕ ವಿಚಾರ

ವಿದ್ಯುದುಪಕರಣಗಳ ಚರಿತ್ರೆಯಲ್ಲಿ ಬೆಸೆಯುವ ವಿದ್ಯೆಗೆ ದೊರೆತ ಗೌರವ ಬೆಸೆದುದನ್ನು ಬಿಡಿಸುವ ವಿದ್ಯೆಗೆ ದೊರೆತಿಲ್ಲ. ಆದರೂ ಕೆಟ್ಟ ಉಪಕರಣವು ಮತ್ತೆ ಬಾಳುವುದೋ ಕಸವಾಗುವುದೋ ಎಂಬುದು ಬಹುಮಟ್ಟಿಗೆ ಈ ಎರಡನೆಯದನ್ನೇ ಅವಲಂಬಿಸಿದೆ. ಬೆಸೆಯುವುದು ಸುಲಭವಾದಂತೆಲ್ಲ ಬಿಡಿಸುವುದು ಕಠಿನವಾಯಿತೆಂಬುದನ್ನು ನಾವಿಲ್ಲಿ ಸಂಕ್ಷೇಪವಾಗಿ ತೋರಿಸಬಯಸುತ್ತೇವೆ.

ಹಳೆಯ ವಾಲ್ವ್ ರೇಡಿಯೋಗಳಲ್ಲಿ ಪ್ರತಿಯೊಂದು ತಂತಿಯನ್ನೂ ಕೈಯಿಂದಲೇ ಬೆಸೆಯುತ್ತಿದ್ದರು. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸವುಳ್ಳ ಬೆಸುಗೆಯು 183 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುವುದರಿಂದ ಒಂದೊಂದು ಕೂಡಿಕೆಯನ್ನೂ ಬೇರೆಬೇರೆಯಾಗಿ ಬಿಡಿಸಬಹುದಾಗಿತ್ತು. 1943ರಲ್ಲಿ ಪಾಲ್ ಐಸ್ಲರ್ ಬ್ರಿಟನ್ನಿನಲ್ಲಿ ಮುದ್ರಿತ ವಿದ್ಯುನ್ಮಂಡಲಕ್ಕೆ ಪೇಟೆಂಟ್ ಕೋರಿದನು. 1949ರಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನ ಏಬ್ರಮ್ಸನ್ ಮತ್ತು ಡ್ಯಾಂಕೋ ಎಂಬವರು, ಬಿಡಿಭಾಗಗಳ ಕಾಲುಗಳನ್ನು ಫಲಕದ ರಂಧ್ರಗಳಲ್ಲಿ ತೂರಿಸಿ, ಫಲಕವನ್ನೇ ಕರಗಿದ ಬೆಸುಗೆಯಲ್ಲಿ ಅದ್ದುವ ಕ್ರಮವನ್ನು ರೂಪಿಸಿದರು. ಎಲ್ಲ ಕೂಡಿಕೆಗಳೂ ಒಮ್ಮೆಗೇ ಆದುವು. ಆದರೆ ಹಲವು ಕಾಲುಗಳ ಭಾಗವನ್ನು ಇಡಿಯಾಗಿ ಎತ್ತಬೇಕಾದರೆ ಅವೆಲ್ಲವೂ ಒಮ್ಮೆಗೇ ಸಡಿಲಬೇಕಾಯಿತು. ಮುಂದೆ ಫಲಕದೊಳಗೆ ತಾಮ್ರದ ಹಲವು ಪದರಗಳು ಬಂದು, ಕೊಟ್ಟ ಕಾವನ್ನು ಹೀರತೊಡಗಿದುವು.

2006ರ ಜುಲೈ 1ರಿಂದ ಯೂರೋಪಿನ ಒಕ್ಕೂಟವು ಸೀಸದ ಬಳಕೆಯನ್ನು ನಿರ್ಬಂಧಿಸಿತು. ಸೀಸವು ವಿಷವಾದುದರಿಂದ ಇದು ಯುಕ್ತವೇ. ಆದರೆ ಅದರ ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರಗಳ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು.

ಇಲ್ಲಿ ಬಲಪ್ರಯೋಗ ಸಲ್ಲದು. ತಾಮ್ರದ ಹಾಳೆ ಫಲಕಕ್ಕೆ ಅಂಟಿಕೊಂಡಿರುವುದಷ್ಟೆ. ಅತಿಯಾಗಿ ಕಾಯಿಸಿ ಎಳೆದರೆ ಅದೇ ಕಿತ್ತುಬರುತ್ತದೆ. ಆದುದರಿಂದ ಬಲ್ಲವರು ಬೆಸುಗೆಯನ್ನು ತೆಗೆಯುವ ಮುನ್ನ ಹೊಸ ಬೆಸುಗೆಯನ್ನೂ ರಾಳವನ್ನೂ ಸೇರಿಸುತ್ತಾರೆ. ರಾಳವು ಲೋಹದ ಮೇಲಿನ ಕಿಲುಬನ್ನು ಕಳೆಯುತ್ತದೆ; ಕರಗಿದ ಹೊಸ ಬೆಸುಗೆಯು ಕಾವನ್ನು ಒಳಕ್ಕೆ ಒಯ್ಯುತ್ತದೆ. ಅನಂತರ ಹೀರುಗೊಳವೆಯಿಂದಲೋ ತಾಮ್ರದ ಹೆಣಿಗೆಯಿಂದಲೋ ಅದನ್ನು ತೆಗೆಯುತ್ತಾರೆ. ಕಾಲುಗಳು ಹಲವಿದ್ದರೆ ಬಿಸ್ಮತ್ ಬೆರೆತ ಬೆಸುಗೆ ನೆರವಾಗುತ್ತದೆ. ನೂರರಲ್ಲಿ 58 ಪಾಲು ಬಿಸ್ಮತ್, 42 ಪಾಲು ತವರವುಳ್ಳ ಮಿಶ್ರಣ 138 ಡಿಗ್ರಿಯಲ್ಲಿಯೇ ಕರಗುತ್ತದೆ. ಅದು ಹಳೆಯ ಬೆಸುಗೆಯೊಡನೆ ಕಲೆತು ಹೆಚ್ಚು ಹೊತ್ತು ದ್ರವವಾಗಿರುವುದರಿಂದ ಎಲ್ಲ ಕಾಲುಗಳೂ ಜೊತೆಯಾಗಿ ಸಡಿಲುತ್ತವೆ. ಬಿಡಿಭಾಗ ಕೆಟ್ಟೇ ಹೋಗಿದ್ದರೆ, ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆದು ಫಲಕವನ್ನು ಉಳಿಸಿಕೊಳ್ಳುವುದೇ ವಿವೇಕ.

ಬೆಸೆಯುವ ಕೆಲಸ ಕಾರ್ಖಾನೆಯಲ್ಲಿ ಕ್ಷಣಗಳಲ್ಲಿ ಮುಗಿಯುತ್ತದೆ. ಅದನ್ನು ಬಿಡಿಸುವ ಹೊರೆ ವರ್ಷಗಳ ಮೇಲೆ ದುರಸ್ತಿಗಾರನ ಪಾಲಿಗೆ ಬರುತ್ತದೆ. ಬೆಸೆಯುವಾಗಲೇ ಬಿಡಿಸುವವನನ್ನು ನೆನೆಯುವುದು ವಿನ್ಯಾಸಕಾರನ ಧರ್ಮವೆಂದು ಈ ಚರಿತ್ರೆಯಿಂದ ನಮಗೆ ತೋರುತ್ತದೆ.