ರಕ್ತದಾನ: ಕೊಡುವವರು ಏಕೆ ಕೊಡುತ್ತಾರೆ, ಹಿಂಜರಿಯುವವರು ಏಕೆ ಹಿಂಜರಿಯುತ್ತಾರೆ?

ನಮ್ಮ ಕರಾವಳಿಯ ಅನೇಕ ಧರ್ಮಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ರಕ್ತದಾನ ಶಿಬಿರ ನಡೆಸುವುದು ರೂಢಿಯಾಗಿದೆ. ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಸಭಾಭವನದಲ್ಲಿ ಮಂಚಗಳು ಸಿದ್ಧವಾಗಿರುತ್ತವೆ, ವೈದ್ಯರ ತಂಡ ಬಂದಿರುತ್ತದೆ, ಯುವಜನರು ಹೆಸರು ಬರೆದುಕೊಳ್ಳಲು ಕುಳಿತಿರುತ್ತಾರೆ. ಪೂಜೆಗೆ ಬಂದ ನೂರಾರು ಮಂದಿಯಲ್ಲಿ ಸಭಾಭವನದ ಮೆಟ್ಟಿಲು ಹತ್ತುವವರು ಮಾತ್ರ ಕೆಲವೇ ಮಂದಿ. ಆದರೆ ಮುಂದಿನ ವಾರ ಅದೇ ಊರಿನ ಒಬ್ಬರಿಗೆ ಆಪರೇಶನ್, ರಕ್ತ ಬೇಕು ಎಂಬ ಸುದ್ದಿ ಬಂದರೆ ಅರ್ಧ ಗಂಟೆಯೊಳಗೆ ಹತ್ತು ಜನ ಫೋನ್ ಮಾಡುತ್ತಾರೆ. ಶಿಬಿರದ ದಿನ ಮನೆಗೆ ಹೋದವರೇ ಈ ಹತ್ತು ಜನ! ಆದ್ದರಿಂದ ನಮ್ಮ ಜನರಿಗೆ ಮನಸ್ಸಿಲ್ಲ ಎನ್ನುವುದು ಸರಿಯಲ್ಲ. ಅವರನ್ನು ತಡೆಯುವುದು ಬೇರೆಯೇ ಸಂಗತಿಗಳು.

ಮೊದಲನೆಯದು, ಯಾರೂ ನೇರವಾಗಿ ಕೇಳದಿರುವುದು. ಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆ ಎಲ್ಲರಿಗೂ ಹೇಳಿದ್ದು, ಅಂದರೆ ಯಾರಿಗೂ ಹೇಳಿದ್ದಲ್ಲ. ವಾಳೆಯ ಗುರಿಕಾರರು ಮನೆಗೆ ಬಂದು, "ಈ ಸಲ ನಿಮ್ಮ ಮನೆಯಿಂದ ಇಬ್ಬರ ಹೆಸರು ಬರೆದುಕೊಳ್ಳಲಾ?" ಎಂದು ಕೇಳಿದರೆ ಫಲ ಬೇರೆ. ಪರಿಚಿತರ ಮುಖ, ಪರಿಚಿತರ ಮಾತು ಯಾವ ಪೋಸ್ಟರ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಸಲ ಕೊಟ್ಟವರನ್ನು ವಿಚಾರಿಸಿ ನೋಡಿ: ಗೆಳೆಯ ಕರೆದುಕೊಂಡು ಬಂದ, ಅಣ್ಣ ಕೊಡುತ್ತಿದ್ದ, ಕಾಲೇಜಿನಲ್ಲಿ ಎಲ್ಲರೂ ಹೋದರು ಎಂಬ ಉತ್ತರಗಳೇ ಹೆಚ್ಚು.

ಗುರುತಿನವರಿಗೆ ಬೇಕಾದಾಗ ಓಡಿ ಹೋಗಿ ಕೊಡುವುದು ದೊಡ್ಡ ಗುಣವೇ. ಅದರಲ್ಲಿ ತೊಡಕೂ ಇದೆ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರು ಸುತ್ತ ನಿಂತಿರುವಾಗ, ತನಗೆ ಹಿಂದೆ ಕಾಮಾಲೆ ಆಗಿತ್ತು ಎಂದೋ, ಬೇರೊಂದು ಗುಟ್ಟಿನ ಕಾರಣವಿದೆ ಎಂದೋ ಹೇಳಿ ಹಿಂದೆ ಸರಿಯುವುದು ಸುಲಭವಲ್ಲ. ಸಂಗ್ರಹಿಸಿದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸುತ್ತಾರೆ ನಿಜ. ಆದರೆ ಸೋಂಕು ತಗಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದಿರಬಹುದು. ದಾನಿಯ ಪ್ರಾಮಾಣಿಕ ಉತ್ತರವೇ ಅಲ್ಲಿ ರಕ್ಷಣೆ. ಇನ್ನೊಂದು ಮಾತು: ಅಪಘಾತವಾಗಿ ಬಂದ ಗಾಯಾಳುವನ್ನಾಗಲಿ, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಯನ್ನಾಗಲಿ ಉಳಿಸುವುದು ಆಗಲೇ ಪರೀಕ್ಷೆ ಮುಗಿದು ಫ್ರಿಜ್‌ನಲ್ಲಿರುವ ರಕ್ತ, ಸುದ್ದಿ ಕೇಳಿ ಓಡಿ ಬಂದವನದ್ದಲ್ಲ. ಕೆಂಪು ಕಣಗಳನ್ನು 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಉಳಿಯುವುದು 5 ದಿನ ಮಾತ್ರ. ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಮೂರು ಸಣ್ಣ ಶಿಬಿರಗಳು ಮೇಲು ಎನ್ನಲು ಇದೇ ಕಾರಣ.

ಹಿಂದೆ ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಮಾರುವವರಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 1998ರ ಜನವರಿ 1ರಿಂದ ಅದು ನಿಷೇಧವಾಯಿತು. 2002ರ ರಾಷ್ಟ್ರೀಯ ರಕ್ತ ನೀತಿ ಸ್ವಯಂಪ್ರೇರಿತ ದಾನವನ್ನೇ ಗುರಿಯಾಗಿಟ್ಟಿತು.

ಹೆದರಿಕೆಯ ಮಾತು

ಸೂಜಿಯ ಹೆದರಿಕೆಯನ್ನು ನಗೆಯಾಡಬಾರದು. ದೋಣಿಯಲ್ಲಿ ರಾತ್ರಿಯಿಡೀ ಕಡಲಿನೊಂದಿಗೆ ಸೆಣಸುವ ಗಂಡಸರೂ ಸೂಜಿ ಕಂಡರೆ ಬೆವರುತ್ತಾರೆ. ತಲೆತಿರುಗಿ ಬೀಳುವುದು ಹೆಚ್ಚಾಗಿ ಮೊದಲ ಸಲ ಕೊಡುವವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ, ತೂಕ ಕಡಿಮೆಯಿರುವವರಲ್ಲಿ. ಒಬ್ಬ ಬಿದ್ದರೆ ಸಾಲಿನಲ್ಲಿ ನಿಂತ ಇಬ್ಬರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಬಿದ್ದವನೂ ಮರಳಿ ಬರುವುದು ಕಡಿಮೆ. ಕೊಡುವ ಮೊದಲು ಎರಡು ದೊಡ್ಡ ಲೋಟ ನೀರು ಕುಡಿಯುವುದು, ಮಲಗಿರುವಾಗ ಕಾಲಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವುದು ಇದನ್ನು ಬಹಳಷ್ಟು ತಪ್ಪಿಸುತ್ತದೆ. ನಮ್ಮಲ್ಲಿ ಮತ್ತೊಂದು ವಿಶೇಷ: ಹಳೆಯ ಪದ್ಧತಿಯಂತೆ ಬೆಳಗಿನ ಪೂಜೆಗೆ ಖಾಲಿ ಹೊಟ್ಟೆಯಲ್ಲಿ ಬರುವವರು ಇಂದಿಗೂ ಇದ್ದಾರೆ. ಅವರನ್ನು ನೇರವಾಗಿ ಮಂಚಕ್ಕೆ ಕಳುಹಿಸಬಾರದು. ಇಡ್ಲಿಯೋ ಬನ್ನೋ ಮೊದಲು, ಹೆಸರು ಬರೆಸುವುದು ಆಮೇಲೆ.

ಬಲ ಕುಂದುತ್ತದೆ, ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೊಡಲೇಬೇಕಾಗುತ್ತದೆ ಎಂಬ ಮಾತುಗಳನ್ನು ಎಷ್ಟೋ ಸಲ ಕೇಳಿದ್ದೇವೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ತೆಗೆಯುವುದು 350 ಮಿಲಿಲೀಟರ್. 55 ಕಿಲೋಗಿಂತ ಹೆಚ್ಚು ತೂಕವಿದ್ದರೆ 450 ತೆಗೆಯಬಹುದು. ದ್ರವದ ಭಾಗ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಸಕ್ಕರೆ ಕಾಯಿಲೆಯವರು ಕೊಡಲೇಬಾರದು ಎಂಬುದೂ ಪೂರ್ತಿ ಸರಿಯಲ್ಲ. ಮಾತ್ರೆಯಿಂದ ಹಿಡಿತದಲ್ಲಿದ್ದರೆ ಕೊಡಬಹುದು, ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ವಯಸ್ಸು 18ರಿಂದ 65. ಮೊದಲ ಸಲ ಕೊಡುವವರಿಗೆ 60 ದಾಟಿರಬಾರದು.

ತಿರುಗಿ ಹೋದವರು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಶಿಬಿರವೊಂದರಲ್ಲಿ ಹೆಸರು ಬರೆಯುವ ಮೇಜಿನಲ್ಲಿ ಕುಳಿತಿದ್ದೆವು. ಸ್ತ್ರೀ ಸಂಘಟನೆಯ ಸದಸ್ಯೆಯೊಬ್ಬರು ಇಬ್ಬರು ಗೆಳತಿಯರನ್ನು ಒಪ್ಪಿಸಿ ಕರೆತಂದಿದ್ದರು. ಬೆರಳು ಚುಚ್ಚಿ ನೋಡಿದಾಗ ಅವರದೇ ಹಿಮೋಗ್ಲೋಬಿನ್ 11ರ ಹತ್ತಿರ ಬಂತು. ಸಾಲು ಉದ್ದವಿತ್ತು. ನಾವು ತಲೆ ಎತ್ತದೆ, "ಬಾಯಿ, ನಿಮಗೆ ರಕ್ತವೇ ಇಲ್ಲವಲ್ಲ, ನೀವು ಎಲ್ಲಿಂದ ಕೊಡುತ್ತೀರಿ?" ಎಂದು ತಮಾಷೆಗೆ ಅಂದುಬಿಟ್ಟೆವು. ಸುತ್ತಲಿನವರು ನಕ್ಕರು. ಆಕೆಯೂ ನಕ್ಕರು. ಮುಂದಿನ ಮೂರು ಶಿಬಿರಗಳಿಗೆ ಆಕೆ ಬರಲಿಲ್ಲ, ಆ ಗೆಳತಿಯರೂ ಬರಲಿಲ್ಲ.

ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ, ಪುರುಷರಲ್ಲಿ 25. ಹೀಗಿರುವಾಗ ಶಿಬಿರದಲ್ಲಿ ಮಹಿಳೆಯರು ಕಡಿಮೆ ಎಂದು ದೂರಿ ಪ್ರಯೋಜನವಿಲ್ಲ. ಬಂದವರಲ್ಲಿ ಅನೇಕರು ತಿರುಗಿ ಹೋಗಬೇಕಾಗುತ್ತದೆ. ತಿರುಗಿ ಹೋದವರು ಅದನ್ನು ಶಾಶ್ವತ ನಿರಾಕರಣೆ ಎಂದು ತಿಳಿಯುತ್ತಾರೆ. ಅವರಿಗೆ ಎರಡು ನಿಮಿಷ ಕೊಟ್ಟು, ಇದು ತಾತ್ಕಾಲಿಕ, ವೈದ್ಯರಲ್ಲಿ ತೋರಿಸಿ, ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಮೀನು ತಿನ್ನಿ, ಊಟದ ಬೆನ್ನಿಗೇ ಚಹಾ ಕುಡಿಯಬೇಡಿ, ಮುಂದಿನ ಶಿಬಿರಕ್ಕೆ ಮತ್ತೆ ಬನ್ನಿ ಎಂದು ಒಬ್ಬರು ಹೇಳಬೇಕು. ಆ ಕೆಲಸಕ್ಕೆ ಪ್ರತ್ಯೇಕ ಕುರ್ಚಿ, ಸ್ವಲ್ಪ ಮರೆ ಇದ್ದರೆ ಒಳ್ಳೆಯದು. ರಕ್ತಹೀನತೆ ಪತ್ತೆಯಾದದ್ದೇ ಆ ಮಹಿಳೆಗೆ ಶಿಬಿರದಿಂದ ಆದ ಲಾಭ ಎಂಬುದು ನಮಗೆ ಅಂದು ಹೊಳೆಯಲಿಲ್ಲ.

ದುಡ್ಡಿನ ಸಂಶಯ

"ನಾವು ಪುಕ್ಕಟೆ ಕೊಟ್ಟದ್ದನ್ನು ಆಸ್ಪತ್ರೆಯವರು ಮಾರುತ್ತಾರೆ." ಈ ಮಾತನ್ನು ಕೇಳದ ಸಂಘಟಕರಿಲ್ಲ. ಇದನ್ನು ಹೇಳುವವರು ಕೆಟ್ಟವರಲ್ಲ. ಬಿಲ್ ಕಟ್ಟಿ ನೊಂದವರೇ ಹೆಚ್ಚು. ಕಾನೂನಿನಂತೆ ರಕ್ತಕ್ಕೆ ಬೆಲೆಯಿಲ್ಲ. ಚೀಲ, ಪರೀಕ್ಷೆ, ಬೇರ್ಪಡಿಸುವಿಕೆ, ಶೇಖರಣೆಯ ವೆಚ್ಚವನ್ನು ಮಾತ್ರ ತೆಗೆದುಕೊಳ್ಳಬೇಕು. 2022ರ ಮಾರ್ಗಸೂಚಿಯಂತೆ ಒಂದು ಯೂನಿಟ್ ಕೆಂಪು ಕಣಕ್ಕೆ ಸರಕಾರಿ ಕೇಂದ್ರದಲ್ಲಿ 1,100 ರೂಪಾಯಿ, ಖಾಸಗಿಯಲ್ಲಿ 1,550 ರೂಪಾಯಿ ಗರಿಷ್ಠ. ಈ ಲೆಕ್ಕವನ್ನು ಶಿಬಿರದ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ತಪ್ಪೇನು? ಅದಕ್ಕಿಂತ ಹೆಚ್ಚು ಕೇಳಿದಾಗ ಪ್ರಶ್ನಿಸುವ ಧೈರ್ಯವೂ ಜನರಿಗೆ ಬರುತ್ತದೆ.

ಹಾಗಾದರೆ ದಾನಿಗೆ ದುಡ್ಡು ಕೊಟ್ಟರೆ ಹೆಚ್ಚು ಜನ ಬರುತ್ತಾರೆಯೇ? ಹಣ ಕೊಡುವುದರಿಂದ ಕೊಡುವ ಮನಸ್ಸೇ ಕುಗ್ಗುತ್ತದೆ ಎಂದು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದರು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವಿದ್ಯಾರ್ಥಿಗಳನ್ನು ದಾನಿಗಳಾಗಲು ಕೇಳಿದರು. ಏನೂ ಕೊಡುವುದಿಲ್ಲ ಎಂದಾಗ ವಿದ್ಯಾರ್ಥಿನಿಯರಲ್ಲಿ 52 ಶೇಕಡಾ ಒಪ್ಪಿದರು. 50 ಕ್ರೋನರ್ ಕೊಡುತ್ತೇವೆ ಎಂದಾಗ ಅದು 30ಕ್ಕೆ ಇಳಿಯಿತು. ಆ ಹಣವನ್ನು ಬೇಕಾದರೆ ಧರ್ಮಕಾರ್ಯಕ್ಕೆ ಕೊಡಬಹುದು ಎಂದ ಕೂಡಲೇ ಮತ್ತೆ 53! ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಬೇರೆ ಅಧ್ಯಯನಗಳಲ್ಲಿ ಸಣ್ಣ ಉಡುಗೊರೆಗಳಿಂದ ದಾನಿಗಳು ಹೆಚ್ಚಿದ್ದೂ ಇದೆ, ಆದ್ದರಿಂದ ಕೊನೆಯ ಮಾತು ಇದೇ ಎನ್ನಲಾಗದು. ಒಂದು ಸೀಯಾಳ, ಒಂದು ಪ್ರಮಾಣಪತ್ರ, ಒಂದು ಧನ್ಯವಾದ ಸಾಕು ಎಂಬುದು ನಮ್ಮ ಅಭಿಪ್ರಾಯ. ಫೋಟೊ ತೆಗೆಸಿಕೊಳ್ಳಲು ಬರುವವರ ಬಗ್ಗೆ ಕೆಲವರಿಗೆ ಅಸಮಾಧಾನವಿದೆ. ನಮಗಿಲ್ಲ. ಅವರ ರಕ್ತವೂ ಕೆಂಪೇ.

ಗುಂಪಿನ ಲೆಕ್ಕವೂ ಜನರನ್ನು ತಡೆಯುತ್ತದೆ. ಓ ಪಾಸಿಟಿವ್‌ನವರು "ನಮ್ಮದು ಧಾರಾಳವಾಗಿ ಸಿಗುತ್ತದೆ" ಎನ್ನುತ್ತಾರೆ. ಧಾರಾಳ ಇರುವಷ್ಟೇ ಬೇಡಿಕೆಯೂ ಇದೆ, ಏಕೆಂದರೆ ರೋಗಿಗಳಲ್ಲೂ ಅವರೇ ಹೆಚ್ಚು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಮಂದಿ ಮಾತ್ರ ನೆಗೆಟಿವ್ ಗುಂಪಿನವರು. ಅವರು ಕರೆ ಬಂದಾಗ ಕೊಡುತ್ತೇವೆ ಎಂದು ಕಾದಿರಿಸಿದರೆ ಅದರಲ್ಲಿ ಅರ್ಥವಿದೆ.

ದಿನ ನೋಡಿ ಶಿಬಿರ ಇಡುವುದು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ದಾನಿಗಳು ಕಡಿಮೆ. ಧರ್ಮಕೇಂದ್ರಗಳು ನೆರವಾಗಬಹುದಾದ ಕಾಲ ಅದೇ. ಮಳೆ ಹಿಡಿದ ಮೇಲೆ ಡೆಂಗಿ, ಮಲೇರಿಯಾ. ಆಗ ಪ್ಲೇಟ್‌ಲೆಟ್ ಬೇಕು, ಆದರೆ ಜ್ವರ ಬಂದು ಹೋದವರು ಕೊಡುವಂತಿಲ್ಲ. ಮಲೇರಿಯಾ ಗುಣವಾದ ಮೇಲೆ 3 ತಿಂಗಳು, ಡೆಂಗಿ ಆದರೆ 6 ತಿಂಗಳು ಕಾಯಬೇಕು. ತಪಸ್ಸು ಕಾಲದ ಉಪವಾಸದ ದಿನಗಳಲ್ಲಿ ಶಿಬಿರ ಬೇಡ. ರಾತ್ರಿ ನಿದ್ದೆಗೆಟ್ಟು ಬಂದ ಮೀನುಗಾರರನ್ನು, ಅಂದೇ ದೂರದ ಬಸ್ ಓಡಿಸಬೇಕಾದ ಚಾಲಕರನ್ನು ಒತ್ತಾಯಿಸಬಾರದು.

ಅನೇಕ ಧರ್ಮಕೇಂದ್ರಗಳಲ್ಲಿ ರಕ್ತದಾನಿಗಳ ಪಟ್ಟಿ ಇದೆ. ತೆಗೆದು ನೋಡಿದರೆ ಅರ್ಧ ಮಂದಿ ಗಲ್ಫ್‌ನಲ್ಲಿ, ಉಳಿದವರ ನಂಬರ್ ಬದಲಾಗಿದೆ! ವರ್ಷಕ್ಕೊಮ್ಮೆ ಅದನ್ನು ತಿದ್ದುವ ಕೆಲಸವನ್ನು ಯುವಜನರಿಗೆ ವಹಿಸಬಹುದು. ಸ್ವೀಡನ್ನಿನಲ್ಲಿ ದಾನಿಯ ರಕ್ತ ರೋಗಿಗೆ ಬಳಕೆಯಾದ ದಿನ ಆತನ ಮೊಬೈಲಿಗೆ ಒಂದು ಸಂದೇಶ ಹೋಗುತ್ತದೆ. ನಮ್ಮಲ್ಲಿ ಅಷ್ಟು ವ್ಯವಸ್ಥೆ ಇಲ್ಲದಿದ್ದರೂ, ಕೊಟ್ಟವರಿಗೆ ಮರುದಿನ ಫೋನ್ ಮಾಡಿ ಆರೋಗ್ಯ ವಿಚಾರಿಸಲು ಏನೂ ಖರ್ಚಿಲ್ಲ. ಅದೇ ಫೋನಿನಲ್ಲಿ ಮುಂದಿನ ದಿನಾಂಕವನ್ನೂ ತಿಳಿಸಬಹುದು: ಪುರುಷರಿಗೆ 90 ದಿನ, ಮಹಿಳೆಯರಿಗೆ 120 ದಿನ ಕಳೆದ ಮೇಲೆ.